ಯಾರ ಅಡಿಗೆ?

ಮನೆಯ ಊಟ ಬಿಟ್ಟ ಗಂಡಸಿಗೆ ಬೇರೆಲ್ಲೋ ತಟ್ಟೆ ಇಟ್ಟಿದ್ದಾರೆ ಎಂದೇ ಅರ್ಥ. ಇದನ್ನು ನನಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಮ್ಮ ದೊಡ್ಡಮ್ಮ ಬಾಯಿ ಬಿಟ್ಟರೆ ಇದೇ ಮಾತು. ಅವಳ ಗಂಡ ಹಾಗೇ ಕೈಬಿಟ್ಟು ಹೋದವನು. ಹಾಗಾಗಿ ನಮ್ಮವರು ರಾತ್ರಿ ತಟ್ಟೆಯ ಮುಂದೆ ಕೂತು, ಅನ್ನವನ್ನು ಆಚೆಗೊಮ್ಮೆ ಈಚೆಗೊಮ್ಮೆ ತಳ್ಳಿ, "ಹಸಿವಿಲ್ಲ ಕಣೇ" ಎನ್ನಲು ಶುರು ಮಾಡಿದಾಗ ನನ್ನ ಕಿವಿ ನೆಟ್ಟಗಾಯಿತು.

ನನ್ನ ಅಡಿಗೆಯ ಬಗ್ಗೆ ನಾನೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ನೀವು ಕೇಳುವುದು ಬೇಡ. ಅದು ಚೆನ್ನಾಗಿರುವುದಿಲ್ಲ. ಉಪ್ಪು ಹಾಕಿದ್ದು ಮರೆತು ಇನ್ನೊಂದು ಸಲ ಹಾಕುತ್ತೇನೆ, ಇಲ್ಲವೇ ಹಾಕಿದ್ದೇನೆ ಎಂದುಕೊಂಡು ಸುಮ್ಮನಿರುತ್ತೇನೆ. ನಮ್ಮವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮದುವೆಯಾದಾಗಿನಿಂದ ಒಂದು ದಿನವೂ ತಟ್ಟೆ ಹಿಂದಕ್ಕೆ ತಳ್ಳಿದವರಲ್ಲ. "ಡೀಸೆಲ್ ಹೊಗೆ ಕುಡಿದು ಬದುಕಿರೋನು ನಾನು, ನಿನ್ನ ಅಡಿಗೆ ನನ್ನನ್ನೇನು ಮಾಡುತ್ತೆ?" ಎಂದು ಕೀಟಲೆ ಮಾಡುತ್ತಲೇ ಎರಡು ಸಲ ಬಡಿಸಿಕೊಳ್ಳುತ್ತಿದ್ದರು. ಅಂಥವರು ಈಗ ಎರಡು ತುತ್ತಿಗೆ ಏಳುತ್ತಿದ್ದರು.

"ಯಾಕೆ, ನೀರಿಳಿಯದ ಗಂಟಲಿಗೆ ಕಡುಬು ತುರುಕಿದ ಹಾಗೆ ಆಡ್ತೀರಲ್ಲ? ಅಷ್ಟು ಕೆಟ್ಟಿದೆಯಾ?" ಎಂದು ಒಂದು ದಿನ ರೇಗಿದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಚೆನ್ನಾಗಿದೆ" ಎಂದರು.

ಚೆನ್ನಾಗಿದೆಯಂತೆ! ಇಷ್ಟು ವರ್ಷದಲ್ಲಿ ಆಡದ ಮಾತು. ಆ ಮಾತು ಕೇಳಿದ ಮೇಲೆಯೇ ನನ್ನ ತಲೆಯೊಳಗೆ ಹುಳ ಹೊಕ್ಕಿದ್ದು. ತಪ್ಪು ಮಾಡಿದ ಗಂಡಸು ಮೊದಲು ಮಾಡುವ ಕೆಲಸವೇ ಹೆಂಡತಿಯನ್ನು ಹೊಗಳುವುದು.

ಹುಡುಕುವವರಿಗೆ ಸಾಕ್ಷಿಗೇನು ಬರ. ಗುರುವಾರ ಬಂತೆಂದರೆ ನಮ್ಮವರು ಇಸ್ತ್ರಿ ಮಾಡಿದ ಶರಟನ್ನು ಚೀಲದಲ್ಲಿ ಮಡಿಚಿಟ್ಟುಕೊಂಡು ಹೋಗುತ್ತಿದ್ದರು. ಕೇಳಿದರೆ ಓವರ್‌ಟೈಮ್ ಎನ್ನುತ್ತಿದ್ದರು. ಬಸ್ಸಿನ ಹೊಟ್ಟೆಯಡಿ ಅಂಗಾತ ಮಲಗಿ ಗ್ರೀಸು ಮೆತ್ತಿಕೊಳ್ಳುವ ಓವರ್‌ಟೈಮಿಗೆ ಇಸ್ತ್ರಿ ಶರಟು ಯಾಕೆ? ಸಂಜೆ ಬಂದಾಗ ಉಗುರಿನ ಸಂದಿಯಲ್ಲಿ ಕೂಡ ಎಣ್ಣೆ ಇರುತ್ತಿರಲಿಲ್ಲ. ಅಷ್ಟು ತಿಕ್ಕಿ ತೊಳೆದುಕೊಂಡ ಕೈಯನ್ನು ನಾನು ನಮ್ಮ ಮದುವೆಯ ಫೋಟೋದಲ್ಲಿ ನೋಡಿದ್ದೆ, ಆಮೇಲೆ ಆಗಲೇ ನೋಡಿದ್ದು.

ಈಗ ಹಾಡಿನ ವಿಷಯಕ್ಕೆ ಬರಬೇಕು, ಏಕೆಂದರೆ ಎಲ್ಲ ಅನಾಹುತ ಆದದ್ದು ಅದರಿಂದಲೇ.

ನಾನು ನಮ್ಮ ಪ್ರಾರ್ಥನಾ ಮಂದಿರದ ಗಾಯನ ತಂಡದಲ್ಲಿ ಮೊದಲಿನಿಂದಲೂ ಎತ್ತರಕ್ಕೂ ತಗ್ಗಿಗೂ ನಡುವೆ ಹಾಡುವ ನಡುದನಿಯವಳು. ಹಾಡು ಆರಿಸುವ ಸಮಿತಿಯಲ್ಲೂ ಇದ್ದೇನೆ. ಸಮಿತಿ ಎಂದರೆ ಮೂವರು: ಮಂದಿರದ ಹಿರಿಯರು, ಹಾಡಿಸುವ ಮೇಷ್ಟ್ರು ಮತ್ತು ನಾನು. ಮೇಷ್ಟ್ರು ನಮ್ಮೊಬ್ಬರಿಗೇ ಸೇರಿದವರಲ್ಲ. ಡಿಪೋ ನೌಕರರ ತಂಡಕ್ಕೂ ಅವರೇ, ಆಸ್ಪತ್ರೆಯ ನರ್ಸುಗಳ ತಂಡಕ್ಕೂ ಅವರೇ. ಬಡಕಲು ಮನುಷ್ಯ, ಜೇಬಿನ ತುಂಬ ಸೀಮೆಸುಣ್ಣ, ಮಾತಿಗಿಂತ ಗುನುಗುವುದೇ ಜಾಸ್ತಿ.

ಹಾಡು ಆರಿಸುವುದೆಂದರೆ ಅಂಗಡಿಯಲ್ಲಿ ಬಟ್ಟೆ ಆರಿಸಿದಂತೆ ಎಂದು ಜನ ತಿಳಿದಿದ್ದಾರೆ. ಮೇಷ್ಟ್ರನ್ನು ಕೇಳಬೇಕು. ನಮ್ಮ ಮಂದಿರದಲ್ಲಿ ವಯಸ್ಸಾದ ಹೆಂಗಸರೇ ಹೆಚ್ಚು. ಮೇಲ್ದನಿಯ ಟೈಪಿಸ್ಟಮ್ಮ ಎತ್ತರದ ಸ್ವರಕ್ಕೆ ಏರುವಾಗ, ಮಹಡಿ ಹತ್ತುವವಳಂತೆ ನಡುವೆ ನಿಂತು ಉಸಿರು ತೆಗೆದುಕೊಂಡು ಮುಂದುವರಿಯುತ್ತಾಳೆ. ಹಜಾರ ಬೇರೆ ದೊಡ್ಡದು; ಅವಸರದ ಹಾಡು ಹಾಡಿದರೆ ಹಿಂದಿನ ಪದ ಗೋಡೆಗೆ ಬಡಿದು ವಾಪಸು ಬರುವಷ್ಟರಲ್ಲಿ ಮುಂದಿನದು ಹೊರಟಿರುತ್ತದೆ. ಅದಕ್ಕೆ ನಮಗೆ ನಿಧಾನದ ಹಾಡು. ಡಿಪೋದವರಿಗೆ ಸ್ವರ ಬರೆದುಕೊಟ್ಟರೆ ಓದಲು ಬಾರದು, ಆದರೆ ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಗಟ್ಟಿ. ಅವರಿಗೆ ಒಬ್ಬ ಸಾಲು ಹೇಳಿ, ಮಿಕ್ಕವರು ಹಿಡಿಯುವ ಹಾಡು. ನರ್ಸುಗಳ ತಂಡದಲ್ಲಿ ಯಾವತ್ತು ಯಾರಿಗೆ ಪಾಳಿ ಎಂಬುದು ದೇವರಿಗೇ ತಿಳಿಯದು. ಯಾವ ದನಿ ತಪ್ಪಿಸಿಕೊಂಡರೂ ಕುಸಿಯದ ಹಾಡು ಬೇಕು. ಜೊತೆಗೆ ರೋಗಿಗಳು ಕೇಳಿಸಿಕೊಳ್ಳುತ್ತಾರಾದ್ದರಿಂದ ಸಾವಿನ ಮಾತು ಕೂಡದು, ಸ್ವರ್ಗದ ಮಾತಂತೂ ಬೇಡವೇ ಬೇಡ.

ಇದರ ಮೇಲೆ ದೇವರ ತಂಟೆ. ನಮ್ಮ ಮಂದಿರದಲ್ಲಿ ದೇವರಿಗೆ ಸಲ್ಲದ ಹಾಡು ಹೊಸಿಲು ದಾಟುವಂತಿಲ್ಲ. ಡಿಪೋದ ನೌಕರರ ಸಂಘದಲ್ಲಿ ದೇವರ ಹಾಡು ಗೇಟು ದಾಟುವಂತಿಲ್ಲ; ಒಬ್ಬನ ದೇವರು ಬಂದರೆ ಮಿಕ್ಕವರ ದೇವರಿಗೂ ಕುರ್ಚಿ ಹಾಕಬೇಕಾಗುತ್ತದೆ ಎಂದು ಅವರ ವಾದ. ಆ ನಿಯಮ ಮಾಡಿಸಿದವರಲ್ಲಿ ಮೊದಲಿಗರು ಯಾರು? ನಮ್ಮವರೇ. ದೇವರು ಎಂದರೆ ಅವರಿಗೆ ನಗೆ. ನನ್ನನ್ನು ಸ್ಕೂಟರಿನಲ್ಲಿ ಮಂದಿರದ ಗೇಟಿನವರೆಗೆ ಬಿಟ್ಟು, "ನಿಮ್ಮ ದೇವರಿಗೆ ಕಿವಿ ಮಂದಾನಾ? ಅಷ್ಟು ಜನ ಸೇರಿ ಕೂಗ್ತೀರಲ್ಲ" ಎಂದು ಹೇಳಿಯೇ ಹೊರಡುವುದು. ಒಳಗೆ ಒಂದು ಹೆಜ್ಜೆ ಇಟ್ಟವರಲ್ಲ. ಈ ವಿಷಯಕ್ಕೆ ನಾವು ಆಡಿದ ಜಗಳಕ್ಕೆ ಲೆಕ್ಕವಿಲ್ಲ. ಒಂದಲ್ಲ ಒಂದು ದಿನ ನಿಮ್ಮನ್ನು ಒಳಗೆ ಕರೆಸದೆ ಬಿಡುವುದಿಲ್ಲ ಎಂದು ನಾನು, ನೋಡೋಣ ಎಂದು ಅವರು.

ಒಂದು ದಿನ ಅವರು ಕನ್ನಡಕ ಮರೆತು ಕೆಲಸಕ್ಕೆ ಹೋದರು. ನನಗೆ ಬೇಕಾದದ್ದೂ ಅಂಥ ಒಂದು ನೆಪವೇ. ಕನ್ನಡಕ ಹಿಡಿದು ಡಿಪೋಗೆ ಹೋದೆ. ಬಸ್ ತೊಳೆಯುವ ಶೆಡ್ಡಿನಲ್ಲಿ ಹಾಡಿನ ಅಭ್ಯಾಸ ನಡೆದಿತ್ತು. ನೀರು ಇನ್ನೂ ತೊಟ್ಟಿಕ್ಕುತ್ತಿದ್ದ ಬಸ್ಸೊಂದರ ಹಿಂದೆ ನಿಂತು ಕಿವಿಗೊಟ್ಟೆ. ಮುಂದೆ ನಿಂತು ಸಾಲು ಹೇಳುತ್ತಿದ್ದವರು ನಮ್ಮವರೇ.

*ಹಸಿದು ಬಂದೆ ನಿನ್ನಡಿಗೆ,*
*ದಣಿದು ಬಂದೆ ನಿನ್ನೆಡೆಗೆ,*
*ಇಷ್ಟು ದಿನ ಅರಿಯದೆ ಹೋದೆ,*
*ಒಂದು ತುತ್ತು ಸಾಕೆನಗೆ.*

ಮಿಕ್ಕವರು "ನಿನ್ನಡಿಗೆ! ನಿನ್ನಡಿಗೆ!" ಎಂದು ಊಟದ ಡಬ್ಬಿ ಬಡಿದು, ಕಣ್ಣು ಮಿಟುಕಿಸಿ, ಹೊಟ್ಟೆ ಸವರಿಕೊಂಡು ಹಾಡುತ್ತಿದ್ದರು. "ಅತ್ತಿಗೆ ಅಡಿಗೆ ಅಲ್ಲ ಬಿಡು ಅದು!" ಎಂದು ಯಾವನೋ ಕೂಗಿದ. ಎಲ್ಲರೂ ಗೊಳ್ಳೆಂದರು. ನಮ್ಮವರು ನಗಲಿಲ್ಲ. ಕಣ್ಣು ಮುಚ್ಚಿಕೊಂಡು ಮತ್ತೆ ಅದೇ ಸಾಲು ಎತ್ತಿದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಯಾರ ಅಡಿಗೆ? ಇಷ್ಟು ದಿನ ಅರಿಯದೆ ಹೋದದ್ದು ಏನನ್ನು? ಆ ದನಿಯಲ್ಲಿ ಅವರು ನನ್ನ ಹತ್ತಿರ ಒಂದು ಲೋಟ ನೀರನ್ನೂ ಕೇಳಿದವರಲ್ಲ. ಕನ್ನಡಕವನ್ನು ಗೇಟಿನ ಕಾವಲುಗಾರನ ಕೈಯಲ್ಲಿಟ್ಟು, ಹಿಂದಿರುಗಿ ನೋಡದೆ ಬಂದೆ.

ದಾರಿಯುದ್ದಕ್ಕೂ ಡಿಪೋದಲ್ಲಿ ಅಡಿಗೆ ಮಾಡುವ ಹೆಂಗಸು ಯಾರೆಂದು ಯೋಚಿಸಿದೆ. ಯೋಚಿಸುವುದೇನು ಬಂತು, ಇರುವುದೇ ಒಬ್ಬಳು. ಕ್ಯಾಂಟೀನಕ್ಕ. ಗಂಡ ಇಲ್ಲ, ಗಟ್ಟಿಮುಟ್ಟಾದ ಹೆಂಗಸು, ಎಲ್ಲರ ಜೊತೆ ನಗುತ್ತಾ ಮಾತಾಡುವವಳು. ನಗುತ್ತಾ ಮಾತಾಡುವವರನ್ನು ನಾನು ಮೊದಲೇ ನಂಬುವುದಿಲ್ಲ.

ಆ ವಾರವೇ ನಮ್ಮ ಸಮಿತಿ ಸೇರಿತು. ಪುರಭವನದಲ್ಲಿ ಮೂರೂ ತಂಡಗಳು ಒಂದೇ ವೇದಿಕೆಯ ಮೇಲೆ ಹಾಡುವ ಕಾರ್ಯಕ್ರಮ ಗೊತ್ತಾಗಿತ್ತು. ಪ್ರತಿ ತಂಡ ತನ್ನ ತನ್ನ ಹಾಡು ಹಾಡಿದ ಮೇಲೆ ಕೊನೆಗೆ ಎಲ್ಲರೂ ಸೇರಿ ಒಂದು ಹಾಡಬೇಕು. ಆ ಒಂದು ಯಾವುದು ಎಂಬುದೇ ತಲೆನೋವು. ದೇವರಿದ್ದರೆ ಡಿಪೋ ಒಪ್ಪದು, ಇಲ್ಲದಿದ್ದರೆ ನಮ್ಮ ಹಿರಿಯರು ಒಪ್ಪರು.

ಮೇಷ್ಟ್ರು ಗಂಟಲು ಸರಿ ಮಾಡಿಕೊಂಡು, "ನಾನೇ ಒಂದು ಕಟ್ಟಿದೀನಿ. ಎಲ್ಲರಿಗೂ ಹೊಂದುತ್ತೆ" ಎಂದು ಹಾಡಿ ತೋರಿಸಿದರು. ಹಸಿದು ಬಂದೆ ನಿನ್ನಡಿಗೆ.

ನಾನು ಹಾಡಿನ ಪುಸ್ತಕ ಮುಚ್ಚಿಟ್ಟೆ.

ಹಿರಿಯರು ಕಣ್ಣರಳಿಸಿದರು. "ನಿನ್ನ ಅಡಿಗೆ, ನಿನ್ನ ಪಾದಕ್ಕೆ! ಎಂಥಾ ಶರಣಾಗತಿ! ದೇವರ ಹೆಸರೇ ಇಲ್ಲ, ಆದ್ರೂ ದೇವರೇ ತುಂಬಿದಾನೆ."

"ಪಾದವೂ ಇಲ್ಲ, ಶರಣಾಗತಿಯೂ ಇಲ್ಲ," ಎಂದೆ ನಾನು. "ಅಡಿಗೆ ಅಂದ್ರೆ ಅಡಿಗೆ. ಒಲೆ ಮೇಲೆ ಬೇಯೋದು. ಡಿಪೋದಲ್ಲಿ ಡಬ್ಬಿ ಬಡ್ಕೊಂಡು, ಹೊಟ್ಟೆ ಸವರ್ಕೊಂಡು ಹಾಡೋದನ್ನ ನಾನೇ ಕಿವಿಯಾರೆ ಕೇಳಿದೀನಿ. ಯಾವಳದೋ ಅಡಿಗೆ ಹೊಗಳೋ ಹಾಡು. ಆ ಎಂಜಲು ಹಾಡನ್ನ ತಂದು ದೇವರ ಮುಂದೆ ಇಡ್ತೀರಾ ಮೇಷ್ಟ್ರೇ?"

ಮೇಷ್ಟ್ರ ಮುಖ ಬಿಳಿಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಜೇಬು ತಡಕಿಕೊಂಡು ಸೀಮೆಸುಣ್ಣ ಹೊರತೆಗೆದರು, ಮತ್ತೆ ಒಳಗಿಟ್ಟರು.

"ಅಮ್ಮಾ, ಇದೊಂದು ಹಾಡು ಬಿಟ್ಬಿಡಿ. ಬೇರೆ ಎಲ್ಲ ನಿಮ್ಮಿಷ್ಟ."

"ಯಾಕೆ, ಇದರಲ್ಲೇನು ಅಂಥಾದ್ದು?"

"ಹೇಳೋ ಹಾಗಿಲ್ಲ."

ಹೇಳೋ ಹಾಗಿಲ್ಲವಂತೆ! ಅಲ್ಲಿಗೆ ಇವರಿಗೂ ಎಲ್ಲ ಗೊತ್ತು ಎಂದಾಯಿತು. ನಡುವೆ ನಿಂತು ಹಾಡು ಹೊಸೆದುಕೊಟ್ಟವರೇ ಇವರು. ಈಗ ಅದಕ್ಕೆ ಪಾದದ ಮುಸುಕು ಹಾಕಿ, ನನ್ನ ಬಾಯಿಂದಲೇ ಹಾಡಿಸಲು ಹೊರಟಿದ್ದಾರೆ. ನನ್ನ ಗಂಡ ಇನ್ನೊಬ್ಬಳ ಅಡಿಗೆಗೆ ಹಾತೊರೆಯುವ ಹಾಡಿಗೆ ನಾನು ನಡುದನಿ ಕೊಡಬೇಕು! "ಈ ಹಾಡು ಬಂದ್ರೆ ನಾನು ಸಮಿತಿಲಿ ಇರಲ್ಲ, ತಂಡದಲ್ಲೂ ಇರಲ್ಲ" ಎಂದೆ. ಹಿರಿಯರು ಮೊದಲೇ ಹೆದರುಪುಕ್ಕಲರು. ಮಂದಿರದ ಮರ್ಯಾದೆ ಎಂದು ಎರಡು ಸಲ ಹೇಳಿ, ಹಾಡು ಬೇಡ ಎಂದುಬಿಟ್ಟರು.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತೋ ಏನೋ. ಹಿರಿಯರ ಬಾಯಲ್ಲಿ ಮಾತು ನಿಲ್ಲದು. ಅಡಿ ಎಂದರೆ ಪಾದವಂತೆ, ಅಡಿಗೆ ಎಂದರೆ ಊಟವಂತೆ, ಮೇಷ್ಟ್ರು ಒಂದೇ ಹಾಡಿನಲ್ಲಿ ಎರಡನ್ನೂ ಬೇಯಿಸಿದ್ದಾರಂತೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಸುದ್ದಿ ಡಿಪೋಗೂ ಮುಟ್ಟಿತು. ನಮಗೆ ತಿಳಿಯದ ಹಾಗೆ ದೇವರ ಹಾಡನ್ನು ಬಾಯಿಗೆ ತುರುಕಿದರು ಎಂದು ಸಂಘದವರು ಸಿಡಿದೆದ್ದು, ಹಾಡನ್ನು ಅಲ್ಲೂ ಕಿತ್ತುಹಾಕಿದರು. ಮಂದಿರದಲ್ಲಿ ಅಡಿಗೆ ಎಂದು ಹೋಯಿತು, ಡಿಪೋದಲ್ಲಿ ಪಾದ ಎಂದು ಹೋಯಿತು. ನನಗೆ ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ.

ಆ ಸಂಜೆ ನಮ್ಮವರು ಬಂದು ಬಾಗಿಲಲ್ಲೇ ನಿಂತರು. ಚಪ್ಪಲಿ ಬಿಡಲಿಲ್ಲ.

"ಆ ಹಾಡು ನಿನಗೇನು ಮಾಡಿತ್ತೇ?"

"ಯಾರ ಅಡಿಗೆ ಅದು?" ಎಂದೆ ನಾನು. ಎಷ್ಟೋ ದಿನದಿಂದ ಬಾಯಲ್ಲಿ ಅಗಿದು ಅಗಿದು ಇಟ್ಟುಕೊಂಡಿದ್ದ ಮಾತು. "ನೇರವಾಗಿ ಹೇಳಿ. ಯಾರ ಅಡಿಗೆಗೆ ಹಸಿದು ಹೋಗ್ತಿದೀರಿ?"

ಅವರು ನನ್ನನ್ನು ನೋಡಿದರು. ಆಮೇಲೆ ನಕ್ಕರು. ಮೆಲ್ಲಗೆ ಶುರುವಾದ ನಗು ಕೆಮ್ಮಾಗಿ, ಗೋಡೆ ಹಿಡಿದು ಬಗ್ಗಿ ನಿಂತರು. ನೀರು ತಂದುಕೊಡಲೇ ಎಂದು ಒಂದು ಕ್ಷಣ ಅನಿಸಿತು, ಆದರೆ ಕೊಡಲಿಲ್ಲ. ಸಿಕ್ಕಿಬಿದ್ದವರು ನಗುವುದೂ ಉಂಟು, ಕೆಮ್ಮುವುದೂ ಉಂಟು. ಅವರು ಬಾಯಿ ಒರೆಸಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತರು. ನಾನು ಬಾಗಿಲು ಮುಂದೆ ಮಾಡಿಕೊಂಡೆ.

ಅದರ ಮರುದಿನ ಗುರುವಾರ. ಇಸ್ತ್ರಿ ಶರಟು ಚೀಲ ಸೇರಿತು. ಮಧ್ಯಾಹ್ನದ ಹೊತ್ತಿಗೆ ನಾನು ಕ್ಯಾಂಟೀನಿನ ಹಿಂಬಾಗಿಲಲ್ಲಿದ್ದೆ. ಸಿಕ್ಕರೆ ಇಬ್ಬರನ್ನೂ ಒಟ್ಟಿಗೆ ಹಿಡಿಯಬೇಕು ಎಂದು ಹೋದವಳಿಗೆ ಸಿಕ್ಕಿದವಳು ಕ್ಯಾಂಟೀನಕ್ಕ ಒಬ್ಬಳೇ. ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ಇಳಿಸಿ ತಿಕ್ಕುತ್ತಿದ್ದಳು.

"ನಿಮ್ಮ ಅಡಿಗೆ ತುಂಬ ರುಚಿಯಂತಲ್ಲ," ಎಂದೆ, ಮಾತಿಗೆ ಮೊದಲೇ ವಿಷ ಬೆರೆಸಿ.

ಅವಳು ತಲೆ ಹೊರಗೆ ತೆಗೆದಳು. "ಯಾರಪ್ಪಾ ಹಾಗಂದೋರು? ಇಲ್ಲಿ ಯಾರೂ ಅನ್ನಲ್ಲ. ಗತಿಯಿಲ್ಲ ಅಂತ ತಿಂತಾರೆ."

"ನಮ್ಮ ಯಜಮಾನರು ಅಂತಾರೆ. ಹಾಡೇ ಹಾಡ್ತಾರೆ."

ಯಜಮಾನರು ಯಾರೆಂದು ಕೇಳಿದಳು. ಹೇಳಿದೆ. ಅವಳು ಕೈಯಲ್ಲಿದ್ದ ನಾರು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಹತ್ತಿರ ಬಂದಳು. ಜಗಳಕ್ಕೆ ಬಂದಳೆಂದು ನಾನು ಸೊಂಟಕ್ಕೆ ಕೈಯಿಟ್ಟೆ.

"ಅಕ್ಕಾ, ಅವರು ನನ್ನ ಅಡಿಗೆ ತಿಂದು ಎಷ್ಟೋ ಕಾಲ ಆಯ್ತು. ಗಟ್ಟಿ ಪದಾರ್ಥ ಒಂದೂ ಇಳಿಯಲ್ವಲ್ಲ ಅವರಿಗೆ. ಹಾಲಲ್ಲಿ ಬ್ರೆಡ್ ನೆನೆಸಿ, ಹಿಚುಕಿ, ಸೋಸಿ ಕೊಡ್ತೀನಿ. ಅದನ್ನೂ ಅರ್ಧ ಗಂಟೆ ಕೂತು ಗುಟುಕರಿಸ್ತಾರೆ. ನಿಮಗೆ... ಗೊತ್ತಿಲ್ವಾ?"

ನಾನು ಸೊಂಟದ ಮೇಲಿನ ಕೈ ತೆಗೆಯಲಿಲ್ಲ. ತೆಗೆಯಬೇಕೆಂದೂ ತೋಚಲಿಲ್ಲ.

"ಗುರುವಾರ ಗುರುವಾರ ಆಸ್ಪತ್ರೆಗೆ ಹೋಗ್ತಾರಲ್ಲ," ಎಂದಳು ಅವಳು, ಈ ಸಲ ಬಹಳ ಮೆಲ್ಲಗೆ. "ಇವತ್ತೂ ಈಗಷ್ಟೇ ಹೋದ್ರು."

ನಂಬಿದೆ ಎಂದುಕೊಂಡಿರಾ? ಆಸ್ಪತ್ರೆಯ ಬಸ್ಸಿನಲ್ಲಿ ಕೂತ ಮೇಲೂ ನನ್ನ ಬುದ್ಧಿ ಬಿಡಲಿಲ್ಲ. ಇವಳು ಎಷ್ಟು ಚೆನ್ನಾಗಿ ಕಥೆ ಕಟ್ಟಿದಳು, ನನ್ನನ್ನು ಆ ಕಡೆ ಓಡಿಸಿ ಈ ಕಡೆ ಅವರನ್ನು ಒಳಗೆ ಕರೆದಳೋ ಏನೋ ಎಂದೆಲ್ಲ ಅಂದುಕೊಂಡೆ. ಅಂದುಕೊಳ್ಳುವುದೇ ಆಗ ನನಗೆ ಬೇಕಾಗಿತ್ತು. ಕ್ಯಾಂಟೀನಕ್ಕ ಸುಳ್ಳಿಯಾಗಲಿ, ನನ್ನ ಗಂಡ ಮೋಸಗಾರನಾಗಲಿ, ಅದೇ ನಿಜವಾಗಲಿ ಎಂದು ನಾನು ಬಸ್ಸಿನ ಸರಳು ಹಿಡಿದುಕೊಂಡು ಬೇಡಿಕೊಂಡೆ.

ಆಸ್ಪತ್ರೆಯ ಕೆಳಮಹಡಿಯ ಕಾರಿಡಾರಿನಲ್ಲಿ ಹಾಡು ಕೇಳಿಸಿತು. ಬಟ್ಟೆ ಮಡಿಚುವ ಕೋಣೆಯಲ್ಲಿ ಮೇಷ್ಟ್ರು ನರ್ಸುಗಳಿಗೆ ಅಭ್ಯಾಸ ಮಾಡಿಸುತ್ತಿದ್ದರು. ನನ್ನನ್ನು ಕಂಡವರೇ ಅವರಿಗೆ ಬಿಡುವು ಕೊಟ್ಟು ಹೊರಗೆ ಬಂದರು. ನಾನು ಏನೂ ಕೇಳಬೇಕಾಗಲಿಲ್ಲ, ನನ್ನ ಮುಖವೇ ಕೇಳಿರಬೇಕು.

"ನಿಮ್ಮ ಯಜಮಾನರು ಬಂದು ಒಂದು ಹಾಡು ಬೇಕು ಅಂದ್ರು," ಎಂದರು ಮೇಷ್ಟ್ರು. "'ದೇವರ ಹಾಡಾಗಿರಬೇಕು ಮೇಷ್ಟ್ರೇ, ಆದ್ರೆ ದೇವರು ಕಾಣಬಾರದು. ನಮ್ಮ ಹುಡುಗರಿಗೆ ಗೊತ್ತಾದ್ರೆ ಜೀವನಪೂರ್ತಿ ಆಡ್ಕೋತಾರೆ' ಅಂದ್ರು. ಎಲ್ಲರೂ ಊಟದ ಹಾಡು ಅಂದ್ಕೊಂಡು ಡಬ್ಬಿ ಬಡೀಲಿ, ಇವರೊಬ್ಬರು ಮಾತ್ರ ಕೇಳ್ಕೊಳ್ಳಲಿ ಅಂತ ಕಟ್ಟಿಕೊಟ್ಟೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

"ಪಾದ ಅನ್ನೋದು ಬರೀ ಮುಸುಕು ಅಂದ್ಕೊಂಡೆ," ಎಂದೆ. ನನ್ನ ದನಿ ನನಗೇ ಬೇರೆ ಯಾರದ್ದೋ ಅನಿಸಿತು.

"ಅಡಿಗೆ ಅನ್ನೋದೇ ಮುಸುಕು ಅಮ್ಮಾ. ನೀವು ಇಷ್ಟು ವರ್ಷ ಹಾಡಿದೋರು, ಹಾಡಿನ ಮಾತು ತೂಗಿ ನೋಡೋರು, ನಿಮಗೆ ಕೇಳಿಸಲಿಲ್ವಾ? ಊಟಕ್ಕೆ ಬಂದೋನು 'ನಿನ್ನಡಿಗೆಗೆ ಬಂದೆ' ಅಂತಾನೆ. ಇದರಲ್ಲಿ ಒಂದು 'ಗೆ' ಕಮ್ಮಿ ಇದೆ. ಡಿಪೋ ಹುಡುಗರಿಗೆ ಅದು ತಿಳಿಯೋದಿಲ್ಲ. ನಿಮಗೆ ತಿಳಿಯುತ್ತೆ ಅಂದ್ಕೊಂಡಿದ್ದೆ."

ನಿನ್ನಡಿಗೆಗೆ. ನಾನು ಬಾಯೊಳಗೇ ಹೇಳಿ ನೋಡಿದೆ. ನಿನ್ನೆ ಬಾಗಿಲಲ್ಲಿ ಅವರನ್ನು ದಬಾಯಿಸುವಾಗ ನಾನೇ ಸರಿಯಾಗಿ ಹೇಳಿದ್ದೆನಲ್ಲ, ಯಾರ ಅಡಿಗೆಗೆ ಎಂದು. ನನ್ನ ಬಾಯಿಗೆ ಗೊತ್ತಿದ್ದ ವ್ಯಾಕರಣ ನನ್ನ ತಲೆಗೆ ಗೊತ್ತಿರಲಿಲ್ಲ.

"ಎಲ್ಲರೂ ಸೇರಿ ಹಾಡೋ ಹಾಡಿಗೆ ಅದನ್ನೇ ಯಾಕೆ ತಂದ್ರಿ?"

"ಅದು ನನ್ನ ಆಸೆ. ಅವರು ಕೇಳಿದ್ದಲ್ಲ. ನಿಮ್ಮಿಬ್ಬರನ್ನ ಒಂದು ಸಲನಾದ್ರೂ ಒಂದೇ ಹಾಡಲ್ಲಿ ನಿಲ್ಲಿಸಬೇಕು ಅನ್ನಿಸ್ತು." ಮೇಷ್ಟ್ರು ಮೆಟ್ಟಿಲ ಕಡೆ ಕೈ ತೋರಿಸಿದರು. "ಮೇಲಿದಾರೆ. ಗಂಟಲ ಕೆಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ರು. ಇವತ್ತು ಹೇಳ್ತಾರೆ."

ಮೇಲಿನ ಕಾರಿಡಾರಿನ ಬೆಂಚಿನ ಮೇಲೆ ನಮ್ಮವರು ಒಬ್ಬರೇ ಕೂತಿದ್ದರು. ಇಸ್ತ್ರಿ ಶರಟು, ಬಾಚಿದ ತಲೆ, ತೊಡೆಯ ಮೇಲೆ ತೊಳೆದ ಕೈಗಳು. ಶರಟಿನ ಕಾಲರಿನೊಳಗೆ ಕತ್ತು ಎಷ್ಟು ಸಣ್ಣಗಾಗಿತ್ತೆಂದರೆ, ದಿನಾ ಎದುರಿಗೆ ಕೂತು ಬಡಿಸಿದವಳು ನಾನೇನಾ ಎಂದು ನನಗೆ ಅನುಮಾನ ಬಂತು. ತಟ್ಟೆಯಲ್ಲಿ ಏನು ಉಳಿಯಿತು ಎಂದು ನೋಡಿದ್ದೆ, ಅವರಲ್ಲಿ ಏನು ಉಳಿದಿದೆ ಎಂದು ನೋಡಿರಲಿಲ್ಲ.

ಪಕ್ಕದಲ್ಲಿ ಕೂತೆ. ಅವರು ಗಾಬರಿಯಾಗಲಿಲ್ಲ. ಸ್ವಲ್ಪ ಸರಿದು ಜಾಗ ಕೊಟ್ಟರು.

"ಕ್ಯಾಂಟೀನಿಗೆ ಹೋಗಿ ಜಗಳ ಆಡಿದ್ಯಾ?"

"ಹ್ಞೂಂ."

"ಪಾಪ, ಅವಳು ಒಳ್ಳೆಯವಳು."

ನನಗೆ ಅಳು ಒತ್ತರಿಸಿ ಬಂತು. ಅಳು ಬಂದರೆ ನನಗೆ ಜೊತೆಗೆ ಸಿಟ್ಟೂ ಬರುತ್ತದೆ, ಅದು ನನ್ನ ಹಣೆಬರಹ. "ಮೇಷ್ಟ್ರಿಗೆ ಹೇಳಿದ್ರಿ. ಕ್ಯಾಂಟೀನಿನವಳಿಗೆ ಹೇಳಿದ್ರಿ. ನಾನೇನು ಸತ್ತು ಹೋಗಿದ್ನಾ? ಕಟ್ಕೊಂಡ ಹೆಂಡತಿಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ವಾ ನಿಮಗೆ?"

"ನೋವು ಹೇಳಬಹುದಿತ್ತು," ಎಂದರು ಅವರು. "ನೋವಿನ ಜೊತೆ ಅದನ್ನೂ ಹೇಳಬೇಕಾಗ್ತಿತ್ತಲ್ಲ. ಹೆದರಿಕೊಂಡು ದೇವರನ್ನ ಕೇಳ್ಕೊಳ್ಳೋಕೆ ಶುರು ಮಾಡಿದೀನಿ ಅಂತ. ಕೇಳಿದ್ರೆ ನೀನು ಮೊದಲು ಅಳ್ತಿರಲಿಲ್ಲ ಕಣೇ. ಮೊದಲು ಗೆಲ್ತಿದ್ದೆ."

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ನನ್ನನ್ನು ನಾನು ಬಲ್ಲೆ. ನೋಡಿದ್ರಾ, ಕೊನೆಗೂ ಬಂದ್ರಾ ದಾರಿಗೆ, ಎಂದೇ ಅಂದಿರುತ್ತಿದ್ದೆ. ಅಂದ ಮೇಲೆ ಅಳುತ್ತಿದ್ದೆ.

ಎದುರಿನ ಬಾಗಿಲು ತೆರೆದು ನರ್ಸೊಬ್ಬಳು ಇನ್ಯಾರನ್ನೋ ಕರೆದಳು. ಕರೆಸಿಕೊಂಡವರು ಒಳಗೆ ಹೋದರು, ಬಾಗಿಲು ಮುಚ್ಚಿತು. ಮುಂದಿನ ಸರದಿ ನಮ್ಮದು. ನಮ್ಮವರು ಬಾಗಿಲನ್ನೇ ನೋಡುತ್ತಾ ಮಾತಾಡಿದರು, ಅವರ ದನಿಯಲ್ಲಿ ಕೀಟಲೆ ಒಂದಿಷ್ಟೂ ಇರಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳು. ನಾನು ಈಗೀಗ ಶುರು ಮಾಡಿದೋನು, ನನಗೆ ಗೊತ್ತಾಗಲ್ಲ. ನೀನು ಇಷ್ಟು ವರ್ಷದಿಂದ ಹಾಡ್ತಿದೀಯ. ಆ ಕಡೆಯಿಂದ ಯಾವತ್ತಾದ್ರೂ ಏನಾದ್ರೂ ಉತ್ತರ ಬಂದಿದೆಯಾ?"

ಈ ಪ್ರಶ್ನೆಗೆ ನನ್ನ ಹತ್ತಿರ ಬೇಕಾದಷ್ಟು ಉತ್ತರಗಳಿದ್ದವು. ಮದುವೆಯಾದಾಗಿನಿಂದ ಅವರ ಮೇಲೆ ಎಸೆದು ಎಸೆದು ನುಣುಪಾದ ಉತ್ತರಗಳು. ಒಂದೊಂದನ್ನೂ ನಾಲಿಗೆಯ ತುದಿಯವರೆಗೆ ತಂದು ನೋಡಿದೆ. ಆ ತೊಳೆದ ಕೈಗಳ ಮುಂದೆ ಒಂದನ್ನೂ ಇಡಲಾಗಲಿಲ್ಲ.

"ಇಲ್ಲ ಕಣ್ರೀ," ಎಂದೆ. "ಒಂದು ಸಲಾನೂ ಇಲ್ಲ."

ಅವರು ಉಸಿರು ಬಿಟ್ಟರು. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಉಸಿರದು. ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು ಬಿಗಿಯಾಗಿ ಹಿಡಿದರು.

"ಅಬ್ಬಾ," ಎಂದರು. "ನನಗೊಬ್ಬನಿಗೇ ಹೀಗೆ ಅಂದ್ಕೊಂಡಿದ್ದೆ."